ಕೆಚ್ಚಲಿನ ಆರೋಗ್ಯವೂ ಹೋರಿಯ ಆಯ್ಕೆಯೂ: ಹೊಸಪೇಟೆ-ಕಂಪ್ಲಿ-ಸಂಡೂರು ಸೀಮೆಯನ್ನು ಕುರಿತ ಒಂದು ವಿವೇಚನೆ

ಕರೆಯುವ ಆಕಳನ್ನು ಕೊಳ್ಳಲು ಬಂದ ಅನುಭವಸ್ಥನು ಕೊಂಬು, ಸುಳಿ, ಬಣ್ಣಗಳನ್ನು ನೋಡುವುದಕ್ಕೆ ಮುಂಚೆ ಕೆಚ್ಚಲಿಗೆ ಕೈಯಿಟ್ಟು ನಾಲ್ಕು ಮೊಲೆಗಳನ್ನೂ ಒಂದೊಂದಾಗಿ ಹಿಂಡಿ ನೋಡುತ್ತಾನೆ. ನಾಲ್ಕರಲ್ಲಿ ಒಂದು ಬತ್ತಿದ್ದರೆ ಬೆಲೆ ಇಳಿಯುತ್ತದೆ. ಒಂದರಲ್ಲಿ ಹಾಲು ಒಡೆದಂತೆ ಬಂದರೆ ವ್ಯಾಪಾರವೇ ಮುರಿಯುತ್ತದೆ. ಈ ಪರೀಕ್ಷೆಯು ಆ ಆಕಳಿನ ಆ ದಿನದ ಸ್ಥಿತಿಯನ್ನು ತಿಳಿಸುವುದೇ ಹೊರತು, ಅದರ ಹೊಟ್ಟೆಯಲ್ಲಿ ಹುಟ್ಟಲಿರುವ ಹೆಣ್ಣುಕರುವಿನ ಕೆಚ್ಚಲು ಮುಂದೆ ಹೇಗಿರುವುದೆಂಬುದನ್ನು ತಿಳಿಸಲಾರದು. ಆ ಕರುವಿನ ಅರ್ಧ ಆನುವಂಶಿಕ ಸಂಪತ್ತು ಬರುವುದು ಕಣ್ಣಿಗೆ ಕಾಣದ ಒಂದು ಹೋರಿಯಿಂದ. ಹೋರಿಗಾದರೋ ಹಾಲು ಕೊಡುವ ಕೆಚ್ಚಲೇ ಇಲ್ಲ. ಹೀಗಿರುವಾಗ ಹೋರಿಯೊಂದು ತನ್ನ ಹೆಣ್ಣುಮಕ್ಕಳಿಗೆ ಆರೋಗ್ಯವಂತವಾದ ಕೆಚ್ಚಲನ್ನು ಕೊಡುವುದೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು, ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಹಳ್ಳಿಗಳಲ್ಲಿ ದೊರೆಯುವುದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲಾಗಿದೆ.

ತುಂಗಭದ್ರೆಯ ಬಲದಂಡೆಯ ಈ ಸೀಮೆಯಲ್ಲಿ ದನವನ್ನು ಆರಿಸುವ ಅಳತೆಗೋಲು ಬಹುಕಾಲ ಬೇರೆಯಾಗಿತ್ತು. ಕನ್ನಡ ನಾಡಿನ ಹೆಸರಾದ ದನಗಳು ಬಹುಮಟ್ಟಿಗೆ ಎಳೆಯುವ ದನಗಳು. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ ಹಳ್ಳಿಕಾರ್ ದನಗಳು ಮೈಸೂರಿನ ಒಡೆಯರ ಕೈಸೇರಿ, ‘ಬೆಣ್ಣೆ ಚಾವಡಿ’ಯ ದನಗಳಾಗಿ, ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದವು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಆ ತಳಿಗೆ ಕೀರ್ತಿ ಬಂದದ್ದು ಸೈನ್ಯದ ಬಂಡಿಗಳನ್ನು ಎಳೆದ ವೇಗದಿಂದ ಎಂಬುದು ಗಮನಿಸತಕ್ಕ ಸಂಗತಿ. ನಡಿಗೆ, ಗೊರಸು, ಹೆಗಲು ಇವುಗಳ ಮೇಲೆ ತಲೆಮಾರುಗಳ ಆಯ್ಕೆ ನಡೆಯಿತು; ಕೆಚ್ಚಲಿನ ಮೇಲೆ ನಡೆಯಲಿಲ್ಲ. ಕರುವಿಗೆ ಸಾಕಾಗುವಷ್ಟು ಹಾಲಿದ್ದು ಮನೆಗೆ ಒಂದಿಷ್ಟು ಮಜ್ಜಿಗೆ ಆದರೆ ರೈತನಿಗೆ ತೃಪ್ತಿಯಿತ್ತು.

ಈ ಸ್ಥಿತಿಯು ಎರಡು ಕಾರಣಗಳಿಂದ ಬದಲಾಯಿತು. ಮೊದಲನೆಯದು ನೀರು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಗಳಿಗೆ ನೀರು ಬಂದ ಮೇಲೆ, ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ಮೊದಲೇ ಹಸುರಾಗಿದ್ದ ಹಂಪೆ-ಕಂಪ್ಲಿಗಳ ನದೀತೀರಕ್ಕೆ ಹೊಸ ನೀರಾವರಿ ನೆಲವೂ ಸೇರಿತು. ಭತ್ತದ ಹುಲ್ಲು, ಕಬ್ಬಿನ ಸೋಗೆ, ಬದುವಿನ ಹಸಿರು ಮೇವು ಇವು ಹೈನುಗಾರಿಕೆಗೆ ಆಧಾರವಾದವು. ಎರಡನೆಯದು ಸಹಕಾರಿ ಹಾಲು ಮಾರಾಟ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಕರ್ನಾಟಕದ ಹೈನು ಅಭಿವೃದ್ಧಿ ಯೋಜನೆಯು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಗಿ ರೂಪುಗೊಂಡಿತು. ಈ ಸೀಮೆಯ ಹಾಲು ಇಂದು ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ಒಕ್ಕೂಟಕ್ಕೆ ಹೋಗುತ್ತದೆ. ಹಾಲಿಗೆ ನಿಶ್ಚಿತವಾದ ಬೆಲೆ ಬಂದೊಡನೆ ಹೋಲ್‌ಸ್ಟೀನ್ ಮತ್ತು ಜರ್ಸಿ ರಕ್ತದ ಮಿಶ್ರತಳಿ ಆಕಳುಗಳು ಎಮ್ಮೆಗಳ ಪಕ್ಕದಲ್ಲಿ ಬಂದು ನಿಂತವು. ಅವುಗಳ ತಂದೆಯಾದ ಹೋರಿಯು ಊರಿನಲ್ಲಿಲ್ಲ. ಹೆಸರಘಟ್ಟದಂತಹ ದೂರದ ವೀರ್ಯಕೇಂದ್ರದಲ್ಲಿರುತ್ತದೆ. ದ್ರವ ಸಾರಜನಕದಲ್ಲಿ ಘನೀಕರಿಸಿದ ವೀರ್ಯದ ನಳಿಕೆಯು ಕಂಪ್ಲಿಯ ಹಟ್ಟಿಗೂ ಬರುತ್ತದೆ, ಸಂಡೂರಿನ ಗುಡ್ಡದ ತಪ್ಪಲಿಗೂ ಹೋಗುತ್ತದೆ. ಹೋರಿಯ ಆಯ್ಕೆ ಒಂದೆಡೆ, ಅದರ ಫಲವನ್ನು ಅನುಭವಿಸುವ ಮನೆ ಇನ್ನೊಂದೆಡೆ. ನಮ್ಮ ಪ್ರಶ್ನೆ ಹುಟ್ಟುವುದು ಈ ಅಂತರದಲ್ಲಿಯೇ.

ಕೆಚ್ಚಲು ಬಾವಿನ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಮೊಲೆಯ ತುದಿಯ ಸಣ್ಣ ರಂಧ್ರದ ಮೂಲಕ ಬ್ಯಾಕ್ಟೀರಿಯಗಳು ಒಳಹೊಕ್ಕು ಹಾಲಿನ ಗ್ರಂಥಿಯನ್ನು ಕೆರಳಿಸುತ್ತವೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಮುಂತಾದ ಕೆಲವು ಜೀವಿಗಳು ಕರೆಯುವವರ ಕೈಯಿಂದ ಆಕಳಿಂದಾಕಳಿಗೆ ಹರಡುತ್ತವೆ. ಇಶ್ಚಿರಿಚಿಯ ಕೋಲಿಯಂಥವು ಸಗಣಿ, ಗಂಜಲ, ಕೆಸರುಗಳಿಂದ ಬರುತ್ತವೆ. ಕರೆದಾದ ಮೇಲೆ ಮೊಲೆಯ ರಂಧ್ರವು ಅರ್ಧ ಗಂಟೆಗೂ ಮೀರಿ ಸಡಿಲವಾಗಿಯೇ ಇರುವುದರಿಂದ, ಆ ಹೊತ್ತಿನಲ್ಲಿ ಮೇವು ಹಾಕಿ ಆಕಳನ್ನು ಮಲಗದಂತೆ ನಿಲ್ಲಿಸುವುದು ಒಳ್ಳೆಯ ಪದ್ಧತಿ. ಕೆಚ್ಚಲು ಕೆಂಪಾಗಿ ಊದಿ, ಹಾಲು ಗರಣೆಗಟ್ಟಿದರೆ ಅದು ವ್ಯಕ್ತವಾದ ಬಾವು. ಮೇಲೆ ಏನೂ ಕಾಣದೆ ಹಾಲು ಮಾತ್ರ ಕಡಿಮೆಯಾಗುತ್ತ, ಲ್ಯಾಕ್ಟೋಸ್ ಇಳಿದು ಲವಣ ಏರುತ್ತ ಹೋದರೆ ಅದು ಗುಪ್ತವಾದ ಬಾವು. ಎರಡೇ ಆಕಳುಗಳುಳ್ಳ ಮನೆಯಲ್ಲಿ ಒಂದರ ಕೆಚ್ಚಲಿನ ಕಾಲುಭಾಗ ಬತ್ತಿಹೋದರೆ ಆಗುವ ನಷ್ಟ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ; ಔಷಧಿ ಕೊಟ್ಟ ದಿನಗಳ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲವೆಂಬ ನಷ್ಟವೂ ಇದರೊಡನೆ ಸೇರುತ್ತದೆ.

ಗುಪ್ತ ಬಾವನ್ನು ಅಳೆಯಲು ಹಾಲಿನಲ್ಲಿರುವ ದೇಹಕೋಶಗಳ ಎಣಿಕೆಯೇ ಸಾಧನ. ಸೋಂಕಿನೊಡನೆ ಹೋರಾಡಲು ರಕ್ತದಿಂದ ಬಿಳಿಯ ಕಣಗಳು ಕೆಚ್ಚಲಿಗೆ ಇಳಿದುಬರುವುದರಿಂದ ಅವುಗಳ ಸಂಖ್ಯೆ ಏರುತ್ತದೆ. ಆರೋಗ್ಯವಂತ ಕೆಚ್ಚಲಿನಲ್ಲಿ ಒಂದು ಮಿಲಿಲೀಟರಿಗೆ ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆ ಕೋಶಗಳಿರುತ್ತವೆ. 2 ಲಕ್ಷವನ್ನು ಮೀರಿದರೆ ಸೋಂಕನ್ನು ಶಂಕಿಸಬೇಕು. ಎಣಿಕೆಯ ಯಂತ್ರವಿಲ್ಲದ ಕಡೆ, 1957ರಲ್ಲಿ ಶಾಮ್ ಮತ್ತು ನೂರ್ಲ್ಯಾಂಡರ್ ಎಂಬುವರು ಪ್ರಕಟಿಸಿದ ಕ್ಯಾಲಿಫೋರ್ನಿಯಾ ಪರೀಕ್ಷೆ ಉಂಟು: ನಾಲ್ಕು ಕುಳಿಗಳ ಒಂದು ತಟ್ಟೆಯಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಹಿಂಡಿ, ಮಾರ್ಜಕ ದ್ರವವನ್ನು ಬೆರೆಸಿ ತಿರುಗಿಸಿದರೆ, ಕೋಶಗಳು ಹೆಚ್ಚಿದ್ದ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಕೋಶಗಳ ಸಂಖ್ಯೆಯು ಕೆಲವೇ ಸಾವಿರದಿಂದ ಹಲವು ಲಕ್ಷಗಳವರೆಗೆ ಹಬ್ಬಿರುವುದರಿಂದ, ಒಂದೆರಡು ರೋಗಿಷ್ಟ ಆಕಳುಗಳೇ ಸರಾಸರಿಯನ್ನು ಕೆಡಿಸಿಬಿಡುತ್ತವೆ. ಆದುದರಿಂದ ಸಂಖ್ಯೆಯನ್ನು ನೇರವಾಗಿ ಬಳಸದೆ ಅದರ ಲಾಗರಿಥಮ್ಮನ್ನು ಅಂಕವಾಗಿ ಬಳಸುವುದು ವಾಡಿಕೆ. ಈ ಮಾನದಲ್ಲಿ 1 ಲಕ್ಷ ಕೋಶಗಳಿಗೆ 3 ಅಂಕ. ಸಂಖ್ಯೆ ಇಮ್ಮಡಿಯಾದಂತೆಲ್ಲ ಒಂದೊಂದು ಅಂಕ ಏರುತ್ತದೆ. ಎಂದರೆ 2 ಲಕ್ಷಕ್ಕೆ 4, 4 ಲಕ್ಷಕ್ಕೆ 5, 8 ಲಕ್ಷಕ್ಕೆ 6. ಅಮೆರಿಕದಲ್ಲಿ 1994ರಿಂದ ಹೋರಿಗಳ ಮೌಲ್ಯಮಾಪನದಲ್ಲಿ ಈ ಅಂಕವು ಸೇರಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೇ ಹೋರಿಯ ಇಬ್ಬರು ಹೆಣ್ಣುಮಕ್ಕಳನ್ನು ಕಲ್ಪಿಸಿಕೊಳ್ಳಿರಿ. ಒಂದು ಕಂಪ್ಲಿಯ ಬಳಿ, ಗದ್ದೆಯ ಅಂಚಿನಲ್ಲಿರುವ ಹಟ್ಟಿಯಲ್ಲಿ ಇದೆ. ಮಳೆಗಾಲದಲ್ಲಿ ಅದು ಮಲಗುವ ನೆಲ ಒಣಗುವುದೇ ಇಲ್ಲ. ಇನ್ನೊಂದು ಸಂಡೂರಿನ ಗುಡ್ಡದ ತಪ್ಪಲಿನಲ್ಲಿ ಜೋಳದ ಕಣಿಕೆ ತಿಂದು ಗಟ್ಟಿನೆಲದ ಮೇಲೆ ಮಲಗುತ್ತದೆ. ಕಂಪ್ಲಿಯದಕ್ಕೆ ಬಾವು ಬಂದು ಸಂಡೂರಿನದಕ್ಕೆ ಬಾರದಿದ್ದರೆ ಅದಕ್ಕೆ ತಂದೆ ಕಾರಣನಲ್ಲ. ಇಬ್ಬರಿಗೂ ತಂದೆ ಒಂದೇ. ಕರೆಯುವ ಕೈ, ಮಲಗುವ ನೆಲ, ಋತು, ಸೂಲಿನ ಸಂಖ್ಯೆ, ಅಂದಿನ ಅದೃಷ್ಟ ಇವೆಲ್ಲ ಸೇರಿ ಆಕಳಾಕಳಿಗೆ ವ್ಯತ್ಯಾಸವನ್ನುಂಟುಮಾಡುತ್ತವೆ. ಒಂದು ಸಮೂಹದಲ್ಲಿ ಕಂಡುಬರುವ ಒಟ್ಟು ವ್ಯತ್ಯಾಸದಲ್ಲಿ, ತಂದೆತಾಯಿಗಳಿಂದ ಮಕ್ಕಳಿಗೆ ಕೂಡುವ ಕ್ರಮದಲ್ಲಿ ಇಳಿದುಬರುವ ಭಾಗವೆಷ್ಟೋ ಅದನ್ನು ಆನುವಂಶಿಕಾಂಶ ಎಂದು ಕರೆಯೋಣ. ಹಾಲಿನ ಇಳುವರಿಯಲ್ಲಿ ಇದು ಸುಮಾರು 0.25. ಕೋಶಗಳ ಅಂಕದಲ್ಲಿ 0.10ರಿಂದ 0.15. ವ್ಯಕ್ತವಾದ ಕೆಚ್ಚಲು ಬಾವಿನಲ್ಲಾದರೋ 0.02ರಿಂದ 0.05 ಮಾತ್ರ. ಇವು ಬಹುಮಟ್ಟಿಗೆ ಪಾಶ್ಚಾತ್ಯ ದೇಶಗಳ ದೊಡ್ಡ ಹಿಂಡುಗಳಿಂದ ಬಂದ ಅಂಕಿಗಳೆಂಬುದನ್ನು ನೆನಪಿನಲ್ಲಿಡಬೇಕು.

0.03 ಎಂಬ ಅಂಕಿಯನ್ನು ನೋಡಿದ ಅನೇಕರು, ‘ನೂರರಲ್ಲಿ ಮೂರು ಪಾಲು ಮಾತ್ರ ರಕ್ತದಿಂದ ಬರುವುದಾದರೆ ತಳಿಯ ಆಯ್ಕೆಯಿಂದ ಪ್ರಯೋಜನವೇನು? ಹಟ್ಟಿಯನ್ನು ಗುಡಿಸಿದರೆ ಸಾಲದೆ?’ ಎಂದು ಕೇಳುವುದುಂಟು. ಹಟ್ಟಿಯನ್ನು ಗುಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲನೆಯ ವಾಕ್ಯದಿಂದ ಎರಡನೆಯದು ಹೊರಡುವುದಿಲ್ಲ. ಆನುವಂಶಿಕಾಂಶವು ಒಂದು ಭಾಗಾಕಾರ. ಛೇದ ದೊಡ್ಡದಾದುದರಿಂದ ಭಾಗಲಬ್ಧ ಚಿಕ್ಕದಾಗಿದೆಯೇ ವಿನಾ ಅಂಶವು ಶೂನ್ಯವೆಂದಲ್ಲ. ಲೆಕ್ಕಕ್ಕಾಗಿ, ನೂರು ಆಕಳುಗಳಲ್ಲಿ 20ಕ್ಕೆ ಒಂದು ಸೂಲಿನಲ್ಲಿ ಬಾವು ಬರುವುದೆಂದು ಇಟ್ಟುಕೊಳ್ಳೋಣ. ಒಟ್ಟು ವ್ಯತ್ಯಾಸದ ಮಾನ (0.2ನ್ನು 0.8ರಿಂದ ಗುಣಿಸಿದಾಗ) 0.16. ಇದರಲ್ಲಿ ನೂರಕ್ಕೆ ಮೂರು ಪಾಲು ಎಂದರೆ 0.0048, ಹೋರಿಯ ಮೂಲಕ ಬರುವ ಭಾಗ ಅದರ ಕಾಲಂಶ, 0.0012, ಇದರ ವರ್ಗಮೂಲ ಸುಮಾರು 0.035. ಇದರ ಅರ್ಥವೇನೆಂದರೆ, ಸರಾಸರಿಯಿಂದ ಎರಡು ಮಾನಕ ವಿಚಲನೆಗಳಷ್ಟು ಒಳ್ಳೆಯ ಹೋರಿಯ ಹೆಣ್ಣುಮಕ್ಕಳಲ್ಲಿ ನೂರಕ್ಕೆ 13ಕ್ಕೆ ಬಾವು ಬಂದರೆ, ಅಷ್ಟೇ ಕೆಟ್ಟ ಹೋರಿಯ ಮಕ್ಕಳಲ್ಲಿ ನೂರಕ್ಕೆ 27ಕ್ಕೆ ಬರುವುದು. ಒಂದರ ಇಮ್ಮಡಿ ಇನ್ನೊಂದು! ಒಂದೊಂದು ಆಕಳಿನ ಭವಿಷ್ಯವನ್ನು ಹೇಳಲಾರದ ಈ 0.03, ಸಾವಿರ ಮನೆಗಳಿಗೆ ವೀರ್ಯ ಕಳುಹಿಸುವ ಹೋರಿಯ ವಿಷಯದಲ್ಲಿ ಅಲಕ್ಷಿಸತಕ್ಕ ಸಂಖ್ಯೆಯಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಬಾವು ‘ಬಂದಿತು’ ಅಥವಾ ‘ಬರಲಿಲ್ಲ’ ಎಂದು ಎರಡೇ ಉತ್ತರಗಳುಳ್ಳ ಲಕ್ಷಣ. ಎಡಿನ್‌ಬರೋದ ಫಾಲ್ಕನರ್ 1965ರಲ್ಲಿ ವಿವರಿಸಿದಂತೆ, ಇಂತಹ ರೋಗಗಳ ಹಿಂದೆ ಕಣ್ಣಿಗೆ ಕಾಣದ ಒಂದು ನಿರಂತರವಾದ ‘ರೋಗಪ್ರವಣತೆ’ ಇದೆಯೆಂದೂ, ಅದು ಒಂದು ಹೊಸ್ತಿಲನ್ನು ದಾಟಿದಾಗ ರೋಗ ಪ್ರಕಟವಾಗುವುದೆಂದೂ ಭಾವಿಸಬಹುದು. ಹೊಸ್ತಿಲಿನ ಹತ್ತಿರ ಬಂದು ನಿಂತ ಆಕಳೂ ಬಹುದೂರದಲ್ಲಿರುವ ಆಕಳೂ ದಾಖಲೆಯಲ್ಲಿ ಒಂದೇ ರೀತಿ ‘ಆರೋಗ್ಯ’ ಎಂದು ಬರೆಯಲ್ಪಡುತ್ತವೆ. ಮಾಹಿತಿಯ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ ಕಂಡ 0.03, ಪ್ರವಣತೆಯ ಮಾನದಲ್ಲಿ ಸುಮಾರು 0.06 ಆಗುವುದು.

ಹೋರಿಯನ್ನು ಅದರ ಹೆಣ್ಣುಮಕ್ಕಳ ಮೂಲಕ ಅಳೆಯುವುದಕ್ಕೆ ಸಂತತಿ ಪರೀಕ್ಷೆಯೆಂದು ಹೆಸರು. ಎಷ್ಟು ಹೆಣ್ಣುಮಕ್ಕಳ ದಾಖಲೆ ಬೇಕು ಎಂಬುದು ಆನುವಂಶಿಕಾಂಶವನ್ನು ಅವಲಂಬಿಸಿದೆ. ನಿಜವಾದ ತಳಿಮೌಲ್ಯಕ್ಕೂ ನಾವು ಅಂದಾಜು ಮಾಡಿದ ಮೌಲ್ಯಕ್ಕೂ ಇರುವ ಸಹಸಂಬಂಧವನ್ನು ನಿಖರತೆ ಎನ್ನೋಣ. ಅದು 1 ಆದರೆ ಪೂರ್ಣಜ್ಞಾನ, 0 ಆದರೆ ಚೀಟಿಯೆತ್ತಿದಂತೆ. ಹಾಲಿನ ಇಳುವರಿಯ ವಿಷಯದಲ್ಲಿ 50 ಹೆಣ್ಣುಮಕ್ಕಳ ದಾಖಲೆಯಿಂದ 0.88ರ ನಿಖರತೆ ದೊರೆಯುವುದು. ಬಾವಿನ ವಿಷಯದಲ್ಲಿ ಅದೇ 50 ಮಕ್ಕಳಿಂದ ದೊರೆಯುವುದು 0.52 ಮಾತ್ರ, 100 ಮಕ್ಕಳಿಂದ 0.66, 300 ಮಕ್ಕಳಿದ್ದರೆ 0.83. ಹತ್ತೇ ಮಕ್ಕಳನ್ನು ನೋಡಿ ‘ಈ ಹೋರಿಯ ಮಕ್ಕಳಿಗೆ ಕೆಚ್ಚಲು ಬಾವು ಬರುವುದಿಲ್ಲ’ ಎಂದು ತೀರ್ಮಾನಿಸಿದರೆ ನಿಖರತೆ 0.27, ಅಂತಹ ತೀರ್ಮಾನಕ್ಕೆ ಬೆಲೆಯಿಲ್ಲ.

ಇಲ್ಲಿ ಕೋಶಗಳ ಎಣಿಕೆಯು ನೆರವಿಗೆ ಬರುತ್ತದೆ. ಕೋಶಾಂಕಕ್ಕೂ ಬಾವಿಗೂ ನಡುವೆ ಇರುವ ಆನುವಂಶಿಕ ಸಹಸಂಬಂಧವು ಸುಮಾರು 0.7 ಎಂದು ಅನೇಕ ಅಧ್ಯಯನಗಳಿಂದ ತಿಳಿದುಬಂದಿದೆ. ಕೋಶಾಂಕದ ಆನುವಂಶಿಕಾಂಶ 0.12 ಎಂದಿಟ್ಟುಕೊಂಡರೆ, 50 ಹೆಣ್ಣುಮಕ್ಕಳ ಕೋಶಾಂಕದಿಂದ ಬಾವಿನ ಬಗೆಗೆ ಪರೋಕ್ಷವಾಗಿ ದೊರೆಯುವ ನಿಖರತೆ 0.55. ಬಾವನ್ನೇ ನೇರವಾಗಿ ಬರೆದಿಟ್ಟದ್ದಕ್ಕಿಂತ ಇದು ಒಂದು ಕೂದಲೆಳೆ ಹೆಚ್ಚು. ಆದರೆ 300 ಮಕ್ಕಳಿರುವಾಗ ಪರೋಕ್ಷ ನಿಖರತೆ 0.67ರಲ್ಲಿಯೇ ನಿಲ್ಲುತ್ತದೆ, ಎಷ್ಟೇ ಮಕ್ಕಳು ಸೇರಲಿ 0.7ನ್ನು ಅದು ದಾಟಲಾರದು. ನೇರ ದಾಖಲೆಯಾದರೋ 0.83ಕ್ಕೆ ಏರಿರುತ್ತದೆ. ಇದರಿಂದ ಹೊರಡುವ ನಿರ್ಣಯವು ಪ್ರಾಯೋಗಿಕವಾಗಿ ಮುಖ್ಯವಾದುದು. ಆರಂಭದಲ್ಲಿ, ಮಕ್ಕಳು ಕಡಿಮೆಯಿರುವಾಗ, ಹಾಲಿನ ಮಾದರಿಯಲ್ಲಿ ಕೋಶಗಳನ್ನು ಎಣಿಸುವುದು ಲಾಭಕರ. ದೀರ್ಘಕಾಲದಲ್ಲಿ ಪಶುವೈದ್ಯನ ಚಿಕಿತ್ಸಾ ಪುಸ್ತಕಕ್ಕೆ ಸಮನಾದುದು ಬೇರೊಂದಿಲ್ಲ. ಎರಡನ್ನೂ ಕೂಡಿಸಿ ಲೆಕ್ಕಹಾಕಿದರೆ ಒಂದೊಂದನ್ನೇ ಬಳಸಿದ್ದಕ್ಕಿಂತ ಮೇಲು.

ಚಿಕಿತ್ಸಾ ಪುಸ್ತಕದ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಾರ್ವೆ ದೇಶ. ಅಲ್ಲಿ 1975ರಿಂದ ಪ್ರತಿಯೊಂದು ಆಕಳಿಗೂ ಆರೋಗ್ಯಪತ್ರವಿದೆ. ಪಶುವೈದ್ಯನು ಕೊಟ್ಟ ಪ್ರತಿ ಚಿಕಿತ್ಸೆಯೂ ಅದರಲ್ಲಿ ದಾಖಲಾಗುತ್ತದೆ. 1978ರಿಂದ ಕೆಚ್ಚಲು ಬಾವು ಅಲ್ಲಿಯ ಕೆಂಪುತಳಿಯ ಹೋರಿಗಳ ಆಯ್ಕೆಯಲ್ಲಿ ಒಂದು ಅಂಗವಾಯಿತು. ಅಷ್ಟಕ್ಕೇ ನಿಲ್ಲದೆ, ಒಂದು ಗುಂಪಿನ ಆಕಳುಗಳನ್ನು ಹೆಚ್ಚು ಪ್ರೋಟೀನಿಗಾಗಿಯೂ ಇನ್ನೊಂದು ಗುಂಪನ್ನು ಕಡಿಮೆ ಬಾವಿಗಾಗಿಯೂ ಬೇರೆಬೇರೆಯಾಗಿ ಆರಿಸಿ ಬೆಳೆಸಿದ ಪ್ರಯೋಗವೂ ಅಲ್ಲಿ ನಡೆದಿದೆ. ಕೆಲವು ತಲೆಮಾರುಗಳಲ್ಲಿ ಎರಡು ಗುಂಪುಗಳೂ ಬಾವಿನ ಪ್ರಮಾಣದಲ್ಲಿ ಸ್ಪಷ್ಟವಾಗಿ ಅಗಲಿದವು. ಆನುವಂಶಿಕಾಂಶ ಚಿಕ್ಕದಾದ ಲಕ್ಷಣವನ್ನು ಆಯ್ಕೆಯಿಂದ ಕದಲಿಸಲಾಗದೆಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕಾಣೆ.

ಆ ಪ್ರಯೋಗದಲ್ಲಿ ನಮಗೆ ಎಚ್ಚರಿಕೆಯೂ ಇದೆ. ಹಾಲಿನ ಇಳುವರಿಗೂ ಕೆಚ್ಚಲು ಬಾವಿಗೂ ನಡುವಣ ಆನುವಂಶಿಕ ಸಹಸಂಬಂಧವು ಪ್ರತಿಕೂಲವಾದುದು. ಅನೇಕ ತಳಿಗಳಲ್ಲಿ ಅದು 0.2ರಿಂದ 0.4ರವರೆಗೆ ಕಂಡುಬಂದಿದೆ. ಎಂದರೆ ಹಾಲನ್ನು ಹೆಚ್ಚಿಸುವ ವಂಶವಾಹಿಗಳಲ್ಲಿ ಕೆಲವು ಬಾವಿನ ಪ್ರವಣತೆಯನ್ನೂ ಹೆಚ್ಚಿಸುತ್ತವೆ. ಹೋರಿಯನ್ನು ಅದರ ತಾಯಿಯ ಅಥವಾ ಹೆಣ್ಣುಮಕ್ಕಳ ಹಾಲನ್ನಷ್ಟೇ ನೋಡಿ ಆರಿಸಿದರೆ, ಬಾವಿನ ಬಗೆಗೆ ನಾವು ಏನನ್ನೂ ಮಾಡಲಿಲ್ಲ ಎಂದಾಗುವುದಿಲ್ಲ. ತಿಳಿಯದೆಯೇ ಅದನ್ನು ಹೆಚ್ಚಿಸುವ ಕಡೆಗೆ ಆರಿಸಿದಂತಾಗುತ್ತದೆ. ಇದೇ ನಮ್ಮ ಸೀಮೆಯ ಮಿಶ್ರತಳಿಗಳ ವಿಷಯದಲ್ಲಿ ಗಂಭೀರವಾದ ಮಾತು. ವೀರ್ಯನಳಿಕೆಯನ್ನು ಆರಿಸುವಾಗ ರೈತನಿಗೆ ತಿಳಿಯುವ ಅಂಕಿ ತಾಯಿಯ ಹಾಲು ಎಷ್ಟು ಲೀಟರು ಎಂಬುದೊಂದೇ ಆದರೆ, ಕಂಪ್ಲಿಯ ಕೆಸರಿನಲ್ಲಿ ಅದರ ಮಗಳು ಎಷ್ಟು ಸೂಲು ಬಾಳುವಳೆಂಬುದು ಯಾರ ಲೆಕ್ಕಕ್ಕೂ ಬಾರದೆ ಹೋಗುತ್ತದೆ.

‘ನಾಟಿ ಆಕಳಿಗೆ ಕೆಚ್ಚಲು ಬಾವು ಬರುವುದಿಲ್ಲ’ ಎಂಬ ಮಾತು ಹಳ್ಳಿಗಳಲ್ಲಿ ಸರ್ವತ್ರ ಕೇಳಿಬರುತ್ತದೆ. ಬರುವುದೇ ಇಲ್ಲವೆಂಬುದು ಅತಿಶಯೋಕ್ತಿ. ಕಡಿಮೆ ಎಂಬುದು ನಿಜ. ಆದರೆ ಅದಕ್ಕೆ ರಕ್ತವೇ ಕಾರಣವೆಂದು ಹೇಳುವ ಮುನ್ನ ಸ್ವಲ್ಪ ತಡೆಯಬೇಕು. ನಾಟಿ ಆಕಳಿನ ಹಾಲು ಕಡಿಮೆ. ಕೆಚ್ಚಲು ಚಿಕ್ಕದಾಗಿ ಮೈಗೆ ಅಂಟಿಕೊಂಡಿರುತ್ತದೆ. ಕರು ಮೊಲೆಯುಂಡು ಉಳಿದ ಹಾಲನ್ನು ಬರಿದುಮಾಡುತ್ತದೆ. ಮಿಶ್ರತಳಿಯ ಕರುವನ್ನು ಅನೇಕ ಮನೆಗಳಲ್ಲಿ ತಾಯಿಯಿಂದ ಬೇಗ ಬೇರ್ಪಡಿಸುತ್ತಾರೆ. ತಳಿಯ ವ್ಯತ್ಯಾಸವೂ ಪದ್ಧತಿಯ ವ್ಯತ್ಯಾಸವೂ ಒಟ್ಟೊಟ್ಟಿಗೆ ನಡೆದಿರುವುದರಿಂದ ಇವೆರಡನ್ನೂ ಬೇರ್ಪಡಿಸದೆ ಯಾವ ತೀರ್ಪನ್ನೂ ಕೊಡಲಾಗದು. ಎಮ್ಮೆಯ ವಿಷಯವೂ ಹೀಗೆಯೇ. ಅದರ ಮೊಲೆಯ ತುದಿಯ ಸ್ನಾಯು ಬಿಗಿಯಾಗಿರುವುದು ಒಂದು ರಕ್ಷಣೆಯೆಂದು ಹೇಳುತ್ತಾರೆ, ಆದರೆ ಹಿಂಡುವ ಕೈಗೆ ಅದೇ ಕಷ್ಟ.

ಕೆಚ್ಚಲಿನ ಆಕಾರವು ಇಲ್ಲಿ ಉಪಯುಕ್ತವಾದ ಸುಳಿವು. ಕೆಚ್ಚಲಿನ ಆಳ, ಮುಂಭಾಗವು ಹೊಟ್ಟೆಗೆ ಅಂಟಿಕೊಂಡ ಬಿಗಿ, ಮೊಲೆಗಳ ಉದ್ದ ಮತ್ತು ಸ್ಥಾನ ಇವುಗಳ ಆನುವಂಶಿಕಾಂಶವು ಬಾವಿನದಕ್ಕಿಂತ ಬಹಳ ಹೆಚ್ಚು. ಆಳದ ವಿಷಯದಲ್ಲಿ 0.3ರ ಸುಮಾರು ಎಂದು ಹೇಳಬಹುದು. ಮಂಡಿಗಿಂತ ಕೆಳಗೆ ಜೋತುಬಿದ್ದ ಕೆಚ್ಚಲು ಕೆಸರಿಗೂ ಏಟಿಗೂ ಒಳಗಾಗುವುದು ಸಹಜ. ಕೊಳ್ಳುವವನ ಹಳೆಯ ಕಣ್ಣು ಈ ಅಂಶವನ್ನು ಚೆನ್ನಾಗಿಯೇ ಬಲ್ಲುದು. ಆ ಕಣ್ಣಿಗೆ ಒಂದು ಅಳತೆಪಟ್ಟಿಯನ್ನು ಕೊಟ್ಟರೆ ಅದೇ ದಾಖಲೆಯಾಗುತ್ತದೆ. ಆದರೆ ಇಲ್ಲಿಯೂ ಒಂದು ವಿರೋಧವಿದೆ. ಬೇಗ, ಸುಲಭವಾಗಿ ಹಾಲಿಳಿಯುವ ಮೊಲೆಯನ್ನು ಕರೆಯುವವರೆಲ್ಲರೂ ಮೆಚ್ಚುತ್ತಾರೆ. ಸುಲಭವಾಗಿ ಹಾಲು ಹೊರಬರುವ ದಾರಿಯಲ್ಲಿ ಸೋಂಕು ಒಳಹೋಗುವುದೂ ಸುಲಭ.

ಈ ಸೀಮೆಯಲ್ಲಿ ದಾಖಲೆಯನ್ನು ಇಟ್ಟು ಮೌಲ್ಯಮಾಪನ ಮಾಡುವುದಾದರೆ ಎದುರಾಗುವ ತೊಡಕುಗಳು ಪುಸ್ತಕಗಳಲ್ಲಿ ಬರೆದವುಗಳಿಗಿಂತ ಭಿನ್ನವಾದವು. ಪಾಶ್ಚಾತ್ಯ ವಿಧಾನಗಳು ನೂರಾರು ಆಕಳುಗಳ ಹಿಂಡನ್ನು ಭಾವಿಸಿಕೊಂಡಿವೆ. ಒಂದೇ ಹಿಂಡಿನಲ್ಲಿ ಹತ್ತಾರು ಹೋರಿಗಳ ಹೆಣ್ಣುಮಕ್ಕಳಿರುವುದರಿಂದ, ಹಿಂಡಿನ ಪ್ರಭಾವವನ್ನು ಕಳೆದು ಹೋರಿಯ ಪ್ರಭಾವವನ್ನು ಉಳಿಸಿಕೊಳ್ಳುವುದು ಅಲ್ಲಿ ಸುಲಭ. ಕಾರ್ನೆಲ್‌ನ ಹೆಂಡರ್ಸನ್ ರೂಪಿಸಿ 1970ರ ದಶಕದಿಂದ ಬಳಕೆಗೆ ಬಂದ ಸಮೀಕರಣಗಳು ಪರಿಸರದ ಪ್ರಭಾವವನ್ನೂ ಹೋರಿಯ ತಳಿಮೌಲ್ಯವನ್ನೂ ಏಕಕಾಲದಲ್ಲಿ ಬಿಡಿಸುತ್ತವೆ. ದಾಖಲೆ ಕಡಿಮೆಯಿರುವ ಹೋರಿಯ ಅಂದಾಜನ್ನು ಸರಾಸರಿಯ ಕಡೆಗೆ ಎಳೆದು, ಆತುರದ ಹೊಗಳಿಕೆಯಿಂದಲೂ ಆತುರದ ನಿಂದೆಯಿಂದಲೂ ನಮ್ಮನ್ನು ಕಾಪಾಡುತ್ತವೆ. ಆದರೆ ಕಮಲಾಪುರದ ಒಂದು ಮನೆಯಲ್ಲಿ ಇರುವುದೇ ಎರಡು ಆಕಳು, ಎರಡೂ ಒಂದೇ ಹೋರಿಯ ಮಕ್ಕಳು, ಎರಡಕ್ಕೂ ಬಾವು ಎಂದಾದರೆ, ದೋಷ ಹೋರಿಯದೋ ಹಟ್ಟಿಯದೋ ಎಂದು ಯಾವ ಸಮೀಕರಣವೂ ಹೇಳಲಾರದು. ಆದುದರಿಂದ ಮನೆಯ ಬದಲು, ಒಂದು ಊರಿನಲ್ಲಿ ಒಂದೇ ಋತುವಿನಲ್ಲಿ ಕರುಹಾಕಿದ ಆಕಳುಗಳನ್ನು ಒಂದು ಸಮಕಾಲೀನ ಗುಂಪೆಂದು ಎಣಿಸಬೇಕಾಗುತ್ತದೆ. ಪ್ರತಿ ಹೋರಿಯ ವೀರ್ಯವನ್ನು ಹೊಸಪೇಟೆಯ ಕಬ್ಬಿನ ನೆಲ, ಹಂಪೆಯ ಬಾಳೆಯ ತೋಟಗಳ ಸುತ್ತಣ ಊರುಗಳು, ಕಂಪ್ಲಿಯ ಗದ್ದೆ, ಸಂಡೂರಿನ ಒಣಭೂಮಿ ಇವೆಲ್ಲೆಡೆಗೂ ಹಂಚಬೇಕು. ಒಂದು ಹೋರಿಯ ನಳಿಕೆಗಳೆಲ್ಲವೂ ಒಂದೇ ಊರಿನಲ್ಲಿ ಖರ್ಚಾದರೆ ಆ ಊರಿನ ಕೆಸರು ಆ ಹೋರಿಯ ಹೆಸರಿಗೆ ಅಂಟಿಕೊಳ್ಳುತ್ತದೆ.

ಸಣ್ಣ ಹಿಡುವಳಿಗಳಲ್ಲಿ ಇಂತಹ ಪರೀಕ್ಷೆಯು ಅಸಾಧ್ಯವೆಂದು ಭಾವಿಸಬೇಕಾಗಿಲ್ಲ. 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಭಾರತ-ಸ್ವಿಸ್ ಯೋಜನೆಯಿಂದ ಕೇರಳದಲ್ಲಿ ‘ಸುನಂದಿನಿ’ ಎಂಬ ಮಿಶ್ರತಳಿ ಬೆಳೆದು, ಸಣ್ಣ ರೈತರ ಮನೆಗಳಲ್ಲಿಯೇ ಅದರ ಹೋರಿಗಳ ಸಂತತಿ ಪರೀಕ್ಷೆ ನಡೆದಿದೆ. 2011-12ರಲ್ಲಿ ಮೊದಲಾದ ರಾಷ್ಟ್ರೀಯ ಹೈನು ಯೋಜನೆಯ ಅಡಿಯಲ್ಲಿಯೂ ಹಲವು ರಾಜ್ಯಗಳ ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ಹಾಲನ್ನು ಅಳೆದು ಹೋರಿಗಳನ್ನು ಪರೀಕ್ಷಿಸಲಾಯಿತು. ತಿಂಗಳಿಗೊಮ್ಮೆ ಮನೆಗೆ ಬಂದು ಹಾಲನ್ನು ಅಳೆಯುವವನು ಅದೇ ಹಾಲಿನ ಒಂದು ಸಣ್ಣ ಸೀಸೆಯನ್ನು ಕೋಶಗಳ ಎಣಿಕೆಗೂ ಕಳುಹಿಸಬಹುದು. ತಟ್ಟೆಯ ಪರೀಕ್ಷೆಯನ್ನು ಅಲ್ಲಿಯೇ ಮಾಡಿ ನಾಲ್ಕು ಮೊಲೆಗಳ ಫಲಿತಾಂಶವನ್ನು ಬರೆದುಕೊಳ್ಳಬಹುದು.

ನಿಜವಾದ ಕಷ್ಟ ಚಿಕಿತ್ಸೆಯ ದಾಖಲೆಯದು. ಆಕಳಿನ ಕಿವಿಯಲ್ಲಿ ಇಂದು 12 ಅಂಕಿಗಳ ಹಳದಿ ಬಿಲ್ಲೆ ಇದೆ; ‘ಭಾರತ ಪಶುಧನ್’ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಆ ಸಂಖ್ಯೆಯ ಮುಂದೆ ಗರ್ಭಧಾರಣೆಯನ್ನೂ ಲಸಿಕೆಯನ್ನೂ ಚಿಕಿತ್ಸೆಯನ್ನೂ ಬರೆಯಲು ಎಡೆಯುಂಟು. ಆದರೆ ಬಾವು ಕಂಡೊಡನೆ ರೈತನು ಮೊದಲು ಮಾಡುವುದು ಮನೆಮದ್ದು: ಲೋಳೆಸರ, ಅರಿಶಿನ, ಸುಣ್ಣವನ್ನು ಅರೆದು ಕೆಚ್ಚಲಿಗೆ ಹಚ್ಚುವುದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಈ ಲೇಪವನ್ನು ಪ್ರಚಾರಪಡಿಸಿದೆ. ಅದರಿಂದ ಗುಣವಾದರೆ ಸಂತೋಷವೇ. ಆದರೆ ಆ ಬಾವು ಯಾವ ಪುಸ್ತಕಕ್ಕೂ ಏರುವುದಿಲ್ಲ. ಪಶುವೈದ್ಯಾಲಯಕ್ಕೆ ಹತ್ತಿರವಿರುವ ಊರಿನಲ್ಲಿ ಬಾವು ಹೆಚ್ಚೆಂದೂ, ದೂರದ ಊರಿನಲ್ಲಿ ಕಡಿಮೆಯೆಂದೂ ದಾಖಲೆ ಹೇಳುವುದು. ವಸ್ತುಸ್ಥಿತಿ ಅದಕ್ಕೆ ವಿರುದ್ಧವಾಗಿಯೂ ಇರಬಹುದು. ಊರನ್ನು ಗುಂಪಾಗಿ ಎಣಿಸುವುದರಿಂದ ಈ ದೋಷದ ಒಂದು ಪಾಲು ಮಾತ್ರ ಕಳೆಯುತ್ತದೆ. ಇದಕ್ಕಿಂತ ಕುಟಿಲವಾದ ದೋಷವೊಂದಿದೆ. ಒಂದು ಮೊಲೆ ಬತ್ತಿದ ಆಕಳನ್ನು ರೈತನು ಸಂತೆಗೆ ಹೊಡೆದುಬಿಡುತ್ತಾನೆ. ಅದರ ದಾಖಲೆ ಅಲ್ಲಿಗೆ ನಿಲ್ಲುತ್ತದೆ. ಲೆಕ್ಕಿಗನ ಕಣ್ಣಿಗೆ ಅದು ಬಾವಿಲ್ಲದೆ ಸೂಲು ಮುಗಿಸಿದ ಆಕಳಿನಂತೆ ಕಾಣುತ್ತದೆ. ಅತ್ಯಂತ ಕೆಟ್ಟ ಕೆಚ್ಚಲುಗಳೇ ಹೀಗೆ ಒಳ್ಳೆಯವುಗಳ ಸಾಲಿಗೆ ಸೇರುತ್ತವೆ! ಆದುದರಿಂದ ಮಾರಿದ ದಿನವನ್ನೂ, ಮಾರಿದುದಕ್ಕೆ ಕಾರಣವನ್ನೂ ಒಂದೇ ಮಾತಿನಲ್ಲಾದರೂ ಬರೆದಿಡುವುದು ಬಾವಿನ ದಾಖಲೆಯಷ್ಟೇ ಅವಶ್ಯಕ. ಇದನ್ನು ಮಾಡಬಲ್ಲವನು ದೂರದ ವಿಜ್ಞಾನಿಯಲ್ಲ, ಪ್ರತಿದಿನ ಬೆಳಿಗ್ಗೆ ಹಾಲನ್ನು ಅಳೆದುಕೊಳ್ಳುವ ಸಂಘದ ಕಾರ್ಯದರ್ಶಿ. ಯಾವ ಮನೆಯ ಹಾಲು ಏಕಾಏಕಿ ನಿಂತಿತೆಂಬುದು ಅವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ವಂಶವಾಹಿಗಳನ್ನು ನೇರವಾಗಿ ಓದುವ ವಿಧಾನ ಬಂದಿರುವಾಗ ಈ ಹಳೆಯ ಪುಸ್ತಕಗಳ ಹಂಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮ್ಯೂವಿಸನ್, ಹೇಯ್ಸ್, ಗೊಡಾರ್ಡ್ ಎಂಬುವರು 2001ರಲ್ಲಿ ಇದರ ತತ್ತ್ವವನ್ನು ಮಂಡಿಸಿದರು. 2009ರಲ್ಲಿ ಅಮೆರಿಕವು ಹೋಲ್‌ಸ್ಟೀನ್ ತಳಿಯಲ್ಲಿ ಇದನ್ನು ಅಧಿಕೃತವಾಗಿ ಬಳಕೆಗೆ ತಂದಿತು. ನಮ್ಮ ದೇಶದಲ್ಲಿಯೂ 2024ರ ಅಕ್ಟೋಬರಿನಲ್ಲಿ ದೇಶೀಯ ದನಗಳಿಗಾಗಿ ‘ಗೌ ಚಿಪ್’, ಎಮ್ಮೆಗಳಿಗಾಗಿ ‘ಮಹಿಷ್ ಚಿಪ್’ ಬಿಡುಗಡೆಯಾಗಿವೆ. ಕರು ಹುಟ್ಟಿದೊಡನೆ ಅದರ ಡಿ.ಎನ್.ಎ.ಯ ಸಾವಿರಾರು ಗುರುತುಗಳನ್ನು ಓದಿ ತಳಿಮೌಲ್ಯವನ್ನು ಅಂದಾಜು ಮಾಡುವುದು ಇದರ ಕ್ರಮ. ಆದರೆ ಯಾವ ಗುರುತಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಚಿಪ್ಪು ತಾನಾಗಿ ಹೇಳಲಾರದು. ಗುರುತುಗಳೂ ಗೊತ್ತಿರುವ, ಕೆಚ್ಚಲಿನ ಇತಿಹಾಸವೂ ಗೊತ್ತಿರುವ ಸಾವಿರಾರು ಆಕಳುಗಳ ಒಂದು ಆಧಾರಸಮೂಹದಿಂದಲೇ ಆ ಬೆಲೆಯನ್ನು ಕಲಿಯಬೇಕು. ಆನುವಂಶಿಕಾಂಶ ಚಿಕ್ಕದಾದಷ್ಟೂ ಆ ಸಮೂಹವು ದೊಡ್ಡದಾಗಬೇಕು. ಹೊರದೇಶದ ಶುದ್ಧ ತಳಿಯಲ್ಲಿ, ಒಣಗಿದ ಹಾಸಿನ ಮೇಲೆ ಯಂತ್ರದಿಂದ ಕರೆದ ಆಕಳುಗಳಲ್ಲಿ ಕಲಿತ ಬೆಲೆಗಳು ಕಂಪ್ಲಿಯ ಮಿಶ್ರತಳಿಗೆ ಹಾಗೆಯೇ ಹೊಂದುವುವೆಂದು ನಂಬಲು ಕಾರಣವಿಲ್ಲ. ಹೋರಿಗಳ ಶ್ರೇಣಿಯು ಒಂದು ಪರಿಸರದಿಂದ ಇನ್ನೊಂದಕ್ಕೆ ಹೋದಾಗ ಹಿಂದುಮುಂದಾಗುವುದು ತಳಿಶಾಸ್ತ್ರದಲ್ಲಿ ಚೆನ್ನಾಗಿ ತಿಳಿದ ಸಂಗತಿ.

ಕಾಲದ ಲೆಕ್ಕವನ್ನೂ ಇಲ್ಲಿ ನೋಡಬೇಕು. ಈ ಮಳೆಗಾಲದಲ್ಲಿ ಹೊಸಪೇಟೆಯ ತಾಲ್ಲೂಕಿನ ಒಂದು ಆಕಳಿಗೆ ಹೊಸ ಹೋರಿಯ ನಳಿಕೆಯನ್ನು ಕೊಟ್ಟರೆ ಒಂಬತ್ತು ತಿಂಗಳು ಕಳೆದು ಕರು ಹುಟ್ಟುವುದು. ಆ ಹೆಣ್ಣುಕರು ಕಡಸಾಗಿ, ಗಬ್ಬವಾಗಿ, ಮೊದಲ ಸಲ ಕರುಹಾಕುವಷ್ಟರಲ್ಲಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಮೂರು ವರ್ಷ ಹಿಡಿಯುವುದು. ಮೊದಲ ಸೂಲಿನ ಹತ್ತು ತಿಂಗಳ ದಾಖಲೆ ಸೇರಿದರೆ ಒಟ್ಟು ನಾಲ್ಕೂವರೆ ವರ್ಷ. ಬಾವು ಹೆಚ್ಚಾಗಿ ಕಾಣುವುದು ಎರಡನೆಯ, ಮೂರನೆಯ ಸೂಲುಗಳಲ್ಲಿ. ಅದಕ್ಕಾಗಿ ಕಾಯುವುದಾದರೆ ಇನ್ನೆರಡು ವರ್ಷ ಸೇರಿಸಬೇಕು. ಅಷ್ಟರೊಳಗೆ ಹೋರಿಗೆ ಎಂಟು ವರ್ಷ ದಾಟಿರುತ್ತದೆ. ಅದರ ಘನೀಕೃತ ವೀರ್ಯವನ್ನು ತೆಗೆದಿರಿಸಿದ್ದರೆ ಮಾತ್ರ ಆ ಜ್ಞಾನದಿಂದ ಪ್ರಯೋಜನವುಂಟು.